ತುರ್ಗೇನೆವನ ‘ಮೊದಲ ಪ್ರೇಮ’

ಮಗನಿಗೆ ಹದಿನಾರು ವರ್ಷ ತುಂಬಿದ ಮೇಲೆ ಅವನನ್ನು ಮಿತ್ರನಂತೆ ಕಾಣತಕ್ಕದ್ದೆಂಬ ನೀತಿಯನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಚಿಕ್ಕ ಮಕ್ಕಳೂ ಬಾಯಿಪಾಠ ಮಾಡುತ್ತಾರೆ. ಹೇಳಿಕೊಡುವ ಉಪಾಧ್ಯಾಯರಾಗಲಿ ಕೇಳಿ ತಲೆದೂಗುವ ತಂದೆಗಳಾಗಲಿ ಆ ನೀತಿಯೊಳಗೆ ಅಡಗಿರುವ ತೊಡಕನ್ನು ಯೋಚಿಸುವುದು ಅಪರೂಪ. ಮಿತ್ರನಾದವನು ಸಮಾನನು, ಸಮಾನನಾದವನು ಪ್ರತಿಸ್ಪರ್ಧಿಯೂ ಆಗಬಲ್ಲನು. ರಷ್ಯಾ ದೇಶದ ಕಾದಂಬರಿಕಾರನಾದ ಇವಾನ್ ತುರ್ಗೇನೆವನು 1860ರಲ್ಲಿ ಪ್ರಕಟಿಸಿದ ‘ಮೊದಲ ಪ್ರೇಮ’ವೆಂಬ ಕಿರುಕಾದಂಬರಿಯು ಈ ತೊಡಕನ್ನೇ ವಸ್ತುವಾಗಿ ಮಾಡಿಕೊಂಡಿದೆ. ಗಾತ್ರದಲ್ಲಿ ಒಂದು ಮಧ್ಯಾಹ್ನದ ಓದಿಗೆ ಮುಗಿಯುವಷ್ಟು ಚಿಕ್ಕದು. ಕಾನ್‌ಸ್ಟನ್ಸ್ ಗಾರ್ನೆಟ್ ಎಂಬ ವಿದುಷಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ತುರ್ಗೇನೆವನ ಕೃತಿಗಳನ್ನು ಇಂಗ್ಲಿಷಿಗೆ ತಿರುಗಿಸಿದಂದಿನಿಂದ ರಷ್ಯನ್ ಭಾಷೆಯನ್ನರಿಯದವರಿಗೂ ಇದು ಕೈಗೆಟುಕುವಂತಾಯಿತು.

ಹದಿಹರೆಯದವರಿಗೆಂದೇ ಬರೆದ, ಬೇಸಗೆಯ ರಜೆಯಲ್ಲಿ ಮೊಳೆತು ರಜೆಯೊಡನೆ ಮುಗಿಯುವ ಪ್ರೇಮದ ಕಥೆಗಳು ಇಂದು ಇಂಗ್ಲಿಷಿನಲ್ಲಿ ಗಾಡಿಗಟ್ಟಲೆ ಬರುತ್ತಿವೆ. ವಿದ್ಯಾವಂತರ ಮನೆಗಳಲ್ಲಿ ಮಕ್ಕಳು ಅವನ್ನು ತಂದೆತಾಯಿಗಳ ಅರಿವಿಗೆ ಬಂದೋ ಬಾರದೆಯೋ ಓದುತ್ತಲೂ ಇದ್ದಾರೆ. ಅವುಗಳಲ್ಲಿ ಬಹುಭಾಗವು ಬರಿಯ ಸಕ್ಕರೆಯ ಪಾಕ. ನಾಲಿಗೆಗೆ ಹಿತ, ಹೊಟ್ಟೆಗೆ ಏನೂ ಇಲ್ಲ. ತುರ್ಗೇನೆವನ ಪುಸ್ತಕವು ಆ ಸಂತತಿಗೆಲ್ಲ ಮುತ್ತಜ್ಜನೆನ್ನಬಹುದಾದರೂ ಅದರ ಗುಣ ಬೇರೆ. ಇದನ್ನು ಮನೆಯ ಹುಡುಗನ ಕೈಯಲ್ಲಿಡಬಹುದೆ, ಹುಡುಗಿಯ ಕೈಯಲ್ಲಿಡಬಹುದೆ ಎಂಬ ಪ್ರಶ್ನೆ ಏಳದೆ ಇರದು. ಏಕೆಂದರೆ ಇಲ್ಲಿ ಮಗನು ಪ್ರೀತಿಸಿದವಳು ತಂದೆಗೆ ಒಲಿದವಳಾಗಿರುತ್ತಾಳೆ. ಪ್ರಶ್ನೆಯನ್ನು ಸಂಕೋಚದಿಂದ ಮುಚ್ಚಿಡುವುದಕ್ಕಿಂತ ಗ್ರಂಥವನ್ನು ತೆರೆದು ನೋಡುವುದೇ ಲೇಸು.

1833ರ ಬೇಸಗೆ. ವ್ಲಾದಿಮಿರನೆಂಬ ಹದಿನಾರು ವರ್ಷದ ಹುಡುಗನು ತಂದೆತಾಯಿಗಳೊಡನೆ ಮಾಸ್ಕೋ ನಗರದ ಅಂಚಿನಲ್ಲಿ, ನೆಸ್ಕೂಚ್ನಿ ಉದ್ಯಾನದ ಎದುರಿಗೆ ಬಾಡಿಗೆಗೆ ಹಿಡಿದ ಮನೆಯಲ್ಲಿ ಇರುತ್ತಾನೆ. ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಓದಬೇಕು. ಚರಿತ್ರೆಯ ಪಠ್ಯಪುಸ್ತಕವನ್ನು ಹಿಡಿದು ತೋಟದಲ್ಲಿ ಅಲೆಯುತ್ತಾನೆ. ಅದನ್ನು ಬಿಚ್ಚುವುದು ಕಡಮೆ, ಕಂಠಸ್ಥವಾದ ಪದ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ಹೆಚ್ಚು. ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯ ಸವೆಸಿದವರಿಗೆ ಈ ಹುಡುಗನ ಗುರುತು ಒಡನೆಯೇ ಹತ್ತೀತು. ಪಕ್ಕದ ಹಳೆಯ ಬಿಡಾರಕ್ಕೆ ರಾಜವಂಶದ ಬಿರುದೊಂದನ್ನುಳಿದು ಮಿಕ್ಕೆಲ್ಲವನ್ನೂ ಕಳೆದುಕೊಂಡ ಜಸೇಕಿನಾ ಎಂಬ ಹೆಂಗಸು ಬರುತ್ತಾಳೆ. ನಶ್ಯ ಸೇದುತ್ತ ಸಾಲ, ದಾವೆಗಳ ಮಾತನ್ನೇ ಆಡುವ ಈಕೆಯ ಮಗಳು ಜಿನಾಯಿದಾ, ಇಪ್ಪತ್ತೊಂದು ವರ್ಷದವಳು. ಕೋವಿ ಹಿಡಿದು ಕಾಗೆಗಳನ್ನು ಬೆನ್ನಟ್ಟಿದ್ದ ಹುಡುಗನು ಬೇಲಿಯಾಚೆಗೆ ಅವಳನ್ನು ಮೊದಲು ಕಾಣುತ್ತಾನೆ. ಅವಳು ಸುತ್ತ ನಿಂತ ಗಂಡಸರ ಹಣೆಗೆ ಒಂದು ಬಗೆಯ ಚಿಕ್ಕ ಹೂಗಳನ್ನು ಬಡಿದು ಪಟಪಟನೆ ಒಡೆಯುತ್ತಿರುತ್ತಾಳೆ. ಅವರು ಆ ಪೆಟ್ಟಿಗಾಗಿ ಹಣೆಯನ್ನು ಒಡ್ಡುತ್ತಿರುತ್ತಾರೆ. ಆಟದ ಪೆಟ್ಟಿನಿಂದ ಮೊದಲಾದ ಕಥೆಯು ನಿಜವಾದ ಪೆಟ್ಟಿನಲ್ಲಿ ಮುಗಿಯುವುದೆಂಬುದನ್ನು ಓದುಗನು ಆಗ ಅರಿಯನು.

ಮುಂದಿನದು ತ್ವರೆಯಿಂದ ಸಾಗುತ್ತದೆ. ಉಣ್ಣೆಯ ಲಡಿಯನ್ನು ಹುಡುಗನ ಎರಡು ಕೈಗಳಿಗೂ ತೊಡಿಸಿ ಅವಳು ಉಂಡೆ ಸುತ್ತುತ್ತಾಳೆ. ಅವನು ಕಟ್ಟುಬಿದ್ದವನಂತೆ ಕುಳಿತಿರುತ್ತಾನೆ. ಸಂಜೆಗಳಲ್ಲಿ ಚೀಟಿಯೆತ್ತುವ ಆಟ, ಹಾಡು, ಗದ್ದಲ. ಕೌಂಟ್ ಮಲೇವ್‌ಸ್ಕಿ, ವೈದ್ಯ ಲೂಷಿನ್, ಕವಿ ಮೈದಾನೊವ್, ನಿವೃತ್ತ ಸೇನಾನಿ ನಿರ್ಮಾತ್‌ಸ್ಕಿ, ಅಶ್ವದಳದ ಬೆಲೊವ್ಜೋರೊವ್, ಹೀಗೆ ಐವರು ಅವಳ ಸುತ್ತ ತಿರುಗುವರು, ಹುಡುಗನು ಆರನೆಯವನು. ತನ್ನನ್ನು ನಿಜವಾಗಿ ಪ್ರೀತಿಸುವೆಯಾದರೆ ಗೋಡೆಯಿಂದ ಹಾರೆಂದು ಅವಳು ವಿನೋದಕ್ಕೆ ಅಂದೊಡನೆಯೇ ಎರಡಾಳೆತ್ತರದಿಂದ ಹಾರಿಬಿಡುತ್ತಾನೆ. ಎಚ್ಚರತಪ್ಪಿದನೆಂದು ಬಗೆದು ಅವಳು ಅವನ ಮುಖಕ್ಕೆ ಮುತ್ತಿಡುತ್ತಾಳೆ. ಬರಬರುತ್ತ ಅವಳ ನಗು ಕುಂದುತ್ತದೆ. ಅವಳು ಯಾರಿಗೋ ಸೋತಿದ್ದಾಳೆಂದು ಎಲ್ಲರಿಗೂ ತಿಳಿಯುತ್ತದೆ, ಯಾರಿಗೆಂದು ತಿಳಿಯದು. ಮಲೇವ್‌ಸ್ಕಿಯ ಚುಚ್ಚುಮಾತಿನಿಂದ ಕೆರಳಿದ ಹುಡುಗನು ರಾತ್ರಿ ಚಾಕು ಹಿಡಿದು ತೋಟದಲ್ಲಿ ಹೊಂಚಿ ನಿಲ್ಲುತ್ತಾನೆ. ಹೆಜ್ಜೆಯ ಸದ್ದಾಗುತ್ತದೆ, ಮೇಲಂಗಿ ಹೊದ್ದು ಬಂದವನು ಅವನ ತಂದೆ. ಚಾಕು ಹುಲ್ಲಿಗೆ ಬೀಳುತ್ತದೆ. ಅದನ್ನು ಹುಡುಕುವುದಕ್ಕೂ ಅವನಿಗೆ ಧೈರ್ಯವಿಲ್ಲ.

ಕಥೆಯ ಮೊದಲಲ್ಲೇ ಬರುವ ಒಂದು ಸಣ್ಣ ವಿವರವನ್ನು ವಿಮರ್ಶಕರು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ಆ ಬೇಸಗೆಮನೆಯ ಒಂದು ಪಕ್ಕದ ಕಟ್ಟಡದಲ್ಲಿ ಗೋಡೆಗಂಟಿಸುವ ಅಗ್ಗದ ಕಾಗದದ ಕಾರ್ಖಾನೆ ಇರುತ್ತದೆ. ಎಣ್ಣೆಗಪ್ಪಿನ ಅಂಗಿ ತೊಟ್ಟ, ಸೊರಗಿದ ಮುಖದ ಎಳೆಯ ಹುಡುಗರು ಅಚ್ಚಿನ ಯಂತ್ರದ ಮರದ ಸನ್ನೆಗಳ ಮೇಲೆ ಹಾರಿ ಹಾರಿ, ತಮ್ಮ ಮೈಭಾರದಿಂದಲೇ ಬಣ್ಣದ ಚಿತ್ತಾರವನ್ನು ಒತ್ತುತ್ತಿರುತ್ತಾರೆ. ಗ್ರಂಥಕರ್ತನು ಇದನ್ನು ಎರಡು ವಾಕ್ಯಗಳಲ್ಲಿ ಹೇಳಿ ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ರಷ್ಯಾದಲ್ಲಿ ಜೀತದಾಳುಗಳ ಬಿಡುಗಡೆಯಾದದ್ದು 1861ರಲ್ಲಿ, ಈ ಪುಸ್ತಕ ಹೊರಬಂದ ಮರುವರ್ಷ. ಒಬ್ಬ ಹುಡುಗನು ಪ್ರೇಮಕ್ಕಾಗಿ ಗೋಡೆಯಿಂದ ಹಾರುತ್ತಾನೆ. ಬೇರೆ ಹುಡುಗರು ಅದೇ ಅಂಗಳದಲ್ಲಿ ಹೊಟ್ಟೆಗಾಗಿ ಹಾರುತ್ತಿರುತ್ತಾರೆ. ಪ್ರೇಮದಲ್ಲಿ ನೋಯುವುದಕ್ಕೂ ಬಿಡುವು ಬೇಕು, ಬೇಸಗೆಯ ಮನೆ ಬೇಕು ಎಂಬುದನ್ನು ತುರ್ಗೇನೆವನು ಬಲ್ಲನು, ಬಲ್ಲೆನೆಂದು ಹೇಳಿಕೊಳ್ಳುವುದಿಲ್ಲ.

ಬೇಸಗೆಯೆಂದೊಡನೆ ಕನ್ನಡ ವಾಚಕರಿಗೆ ಧೂಳೂ ಬತ್ತಿದ ಕೆರೆಯೂ ನೆನಪಾದಾವು. ಕವಿಸಮಯದಲ್ಲಿ ಅನುರಾಗಕ್ಕೆ ವಸಂತ, ವಿರಹಕ್ಕೆ ಮಳೆಗಾಲ. ಗ್ರೀಷ್ಮಕ್ಕೆ ದೊರೆತ ಪಾಲು ಅಲ್ಪ. ಆದರೂ ಕಾಳಿದಾಸನು ಶಾಕುಂತಲದ ಪ್ರಸ್ತಾವನೆಯಲ್ಲಿ ನಟಿಯಿಂದ ಹಾಡಿಸಿದ್ದು ಗ್ರೀಷ್ಮವನ್ನೇ, ಋತುಸಂಹಾರವು ಮೊದಲಾಗುವುದೂ ಗ್ರೀಷ್ಮದಿಂದಲೇ. ರಷ್ಯನರ ಬೇಸಗೆಯಾದರೋ ದೀರ್ಘವಾದ ಹಿಮಕಾಲದ ನಡುವೆ ಬಂದುಹೋಗುವ ಕೆಲವೇ ವಾರಗಳ ಹಸುರು. ಆ ಕೆಲವು ವಾರಗಳಲ್ಲಿ ನಗರದವರು ತೋಟದ ಮನೆಗಳಿಗೆ ಹೋಗುತ್ತಾರೆ, ನಿಯಮಗಳು ಸಡಿಲವಾಗುತ್ತವೆ, ಬೇಲಿಗಳು ತಗ್ಗಾಗುತ್ತವೆ. ಜಿನಾಯಿದಾಳ ಮನೆಯಿಂದ ಮೊದಲ ಸಂಜೆ ಹಿಂದಿರುಗಿದ ಹುಡುಗನು ನಿದ್ದೆ ಬಾರದೆ ಕಿಟಕಿಯ ಬಳಿ ಕುಳಿತು, ಬಹುದೂರದ ಬಿರುಗಾಳಿಯ ಮಿಂಚು ಗುಡುಗಿನ ಸದ್ದೇ ಇಲ್ಲದೆ ರಾತ್ರಿಯೆಲ್ಲ ಉದ್ಯಾನದ ಮೇಲೆ ನಡುಗುವುದನ್ನು ನೋಡುತ್ತಾನೆ. ಬೆಳಗಾಗುತ್ತ ಮಿಂಚು ಕಂದುತ್ತದೆ, ಅವನೊಳಗಿನ ಮಿಂಚೂ ಅಡಗುತ್ತದೆ. ಉದ್ದೀಪನವಿಭಾವವೆಂಬುದನ್ನು ವಿದ್ಯಾರ್ಥಿಗಳಿಗೆ ವಿವರಿಸಬೇಕಾದವರಿಗೆ ಇದಕ್ಕಿಂತ ನಿರ್ಮಲವಾದ ಉದಾಹರಣೆ ಗದ್ಯದಲ್ಲಿ ಸುಲಭವಾಗಿ ಸಿಕ್ಕಲಾರದು.

ಅಲಂಕಾರಶಾಸ್ತ್ರದ ಮಾತು ಬಂದುದರಿಂದ ಒಂದು ಆಕ್ಷೇಪವನ್ನು ಇಲ್ಲಿಯೇ ಎತ್ತಿಕೊಳ್ಳಬೇಕು. ಉಪನಾಯಕನಲ್ಲಿ ನಿಂತ ರತಿ, ಬಹುನಾಯಕರನ್ನು ಕುರಿತ ರತಿ, ಇಬ್ಬರಲ್ಲಿಯೂ ಸಮನಾಗಿ ನೆಲಸದ ರತಿ, ಇವೆಲ್ಲ ಶೃಂಗಾರವಲ್ಲ, ಶೃಂಗಾರಾಭಾಸ ಎಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವಿಧಿಸಿದ್ದಾನೆ. ಆ ಪಟ್ಟಿಗೆ ಉದಾಹರಣೆ ಬೇಕೆಂದು ತುರ್ಗೇನೆವನೇ ಬರೆದುಕೊಟ್ಟಂತಿದೆ. ಸುತ್ತ ಐವರು, ಒಲಿದದ್ದು ಪರಸ್ತ್ರೀಯ ಗಂಡನಿಗೆ, ಹುಡುಗನ ಪ್ರೇಮವೋ ಒಕ್ಕಣ್ಣಿನದು. ಇಷ್ಟರಿಂದಲೇ ಗ್ರಂಥವನ್ನು ಬದಿಗೆ ಸರಿಸುವ ಪಂಡಿತರು ಉಂಟು. ಆದರೆ ಆಭಾಸವೂ ಆಸ್ವಾದ್ಯವಾದುದರಿಂದ ರಸದ ವರ್ಗಕ್ಕೇ ಸೇರತಕ್ಕದ್ದೆಂದು ಅದೇ ವಿಶ್ವನಾಥನು ಹೇಳಿರುವುದನ್ನು ಅವರು ಮರೆಯುತ್ತಾರೆ. ಅದಕ್ಕಿಂತಲೂ ಮುಖ್ಯವಾದುದು, ಶೃಂಗಾರವು ಈ ಕೃತಿಯಲ್ಲಿ ಅಂಗಿಯೇ ಅಲ್ಲ. ಹುಡುಗನಿಗೆ ದಕ್ಕಿದ್ದು ರತಿಯಲ್ಲ, ವಿಸ್ಮಯ. ಪ್ರೇಮವೆಂಬುದನ್ನು ಅವನು ಅನುಭವಿಸುವುದಕ್ಕಿಂತ ಹೆಚ್ಚಾಗಿ ನೋಡುತ್ತಾನೆ: ಬೇಲಿಯ ಸಂದಿನಿಂದ, ಕಿಟಕಿಯಿಂದ, ಮರದ ಮರೆಯಿಂದ, ಬೀದಿಯ ತಿರುವಿನಿಂದ. ಆರಂಭದಿಂದ ಕೊನೆಯವರೆಗೆ ಅವನು ಪ್ರೇಕ್ಷಕನು.

ಹಾಗೆ ನೋಡಿದ ನೋಟಗಳಲ್ಲಿ ಕೊನೆಯದು ಗ್ರಂಥದ ಹೃದಯ. ಅನಾಮಧೇಯ ಪತ್ರವೊಂದರಿಂದ ಗುಟ್ಟು ಹೊರಬಿದ್ದು, ಮನೆಯಲ್ಲಿ ಜಗಳವಾಗಿ, ಕುಟುಂಬವು ಊರೊಳಗಿನ ಮನೆಗೆ ಹಿಂದಿರುಗಿರುತ್ತದೆ. ಒಂದು ದಿನ ತಂದೆ ಮಗ ಇಬ್ಬರೂ ಕುದುರೆ ಸವಾರಿಗೆ ಹೋಗುತ್ತಾರೆ. ತಂದೆಯು ತನ್ನ ಕುದುರೆಯನ್ನೂ ಮಗನ ಕೈಗೆ ಕೊಟ್ಟು, ಕಾದಿರೆಂದು ಹೇಳಿ, ಓಣಿಯಲ್ಲಿ ಮರೆಯಾಗುತ್ತಾನೆ. ಬಹಳ ಹೊತ್ತಾದರೂ ಬಾರದಿರಲು ಮಗನು ಹುಡುಕಿಕೊಂಡು ಹೋಗಿ, ಸಣ್ಣ ಮರದ ಮನೆಯೊಂದರ ತೆರೆದ ಕಿಟಕಿಯ ಮುಂದೆ ತಂದೆಯನ್ನೂ ಒಳಗೆ ಜಿನಾಯಿದಾಳನ್ನೂ ಕಾಣುತ್ತಾನೆ. ತಂದೆ ಏನನ್ನೋ ಒತ್ತಾಯಿಸುತ್ತಾನೆ, ಅವಳು ಒಪ್ಪುವುದಿಲ್ಲ, ಕೈ ಚಾಚುತ್ತಾಳೆ. ಅಂಗಿಯ ಧೂಳು ಕೊಡಹುತ್ತಿದ್ದ ಚಾವಟಿಯನ್ನು ತಂದೆಯು ಎತ್ತಿ ಅವಳ ಬರಿಯ ತೋಳಿಗೆ ಬೀಸುತ್ತಾನೆ. ಅವಳು ಕೂಗಲಿಲ್ಲ, ಅವನನ್ನು ನೋಡಿ, ತೋಳನ್ನು ಮೆಲ್ಲನೆ ತುಟಿಗೆ ತಂದು ಕೆಂಪೇರಿದ ಬರೆಗೆ ಮುತ್ತಿಟ್ಟಳು. ತಂದೆಯು ಚಾವಟಿಯನ್ನು ಎಸೆದು ಮನೆಯೊಳಕ್ಕೆ ನುಗ್ಗಿದನು.

ಕನ್ನಡ ಸಾಹಿತ್ಯವನ್ನು ಬಲ್ಲವರು ಇಲ್ಲಿ ಜನ್ನನನ್ನು ನೆನೆಯದೆ ಇರಲಾರರು. 1209ರಲ್ಲಿ ಬರೆದ ಯಶೋಧರಚರಿತೆಯಲ್ಲಿ ಅಮೃತಮತಿಯು ಮಾವತನ ಗಾನಕ್ಕೆ ಸೋತು ರಾತ್ರಿಯಲ್ಲಿ ಅವನ ಬಳಿಗೆ ಹೋಗುತ್ತಾಳೆ. ತಡವಾಯಿತೆಂದು ಆ ವಿಕಾರರೂಪನು ಬಡಿದರೂ ಅವನನ್ನು ಬಿಡಲೊಲ್ಲಳು. ಮರೆಯಲ್ಲಿ ನಿಂತು ಅದನ್ನು ಕಂಡ ಯಶೋಧರನು ಕತ್ತಿಯೆತ್ತಿದವನು ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಮರೆಯ ನೋಟ, ಎತ್ತಿ ಬೀಸದ ಆಯುಧ, ಪೆಟ್ಟನ್ನು ಒಪ್ಪಿದ ಹೆಣ್ಣು, ಮೂರೂ ಎರಡು ಕಡೆಯೂ ಇವೆ. ಆರೂವರೆ ಶತಮಾನಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಕವಿಗಳು ಒಂದೇ ಸ್ಥಳಕ್ಕೆ ಬಂದು ನಿಂತಿದ್ದಾರೆ. ನಿಂತಮೇಲೆ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಜನ್ನನು ಜಿನಧರ್ಮದ ಕವಿ. ಅವನಿಗೆ ಆ ಮೋಹಕ್ಕೊಂದು ಕಾರಣ ಬೇಕು, ಗಾನವನ್ನಿಟ್ಟನು. ಫಲ ಬೇಕು, ನರಕವನ್ನಿಟ್ಟನು. ತುರ್ಗೇನೆವನು ಕಾರಣವನ್ನೂ ಹೇಳುವುದಿಲ್ಲ, ಫಲವನ್ನೂ ವಿಧಿಸುವುದಿಲ್ಲ. ನೋಡಿದ ಕಣ್ಣು ಹದಿನಾರರದೆಂಬುದೇ ಅವನ ಆಸಕ್ತಿ. ಯಶೋಧರನಿಗೆ ಆ ನೋಟದಿಂದ ವೈರಾಗ್ಯ ಹುಟ್ಟಿತು. ವ್ಲಾದಿಮಿರನಿಗಾದರೋ, ಪ್ರೇಮವೆಂಬುದು ಇದೆಂದಾದರೆ ಇಷ್ಟು ದಿನ ತಾನು ಪ್ರೇಮವೆಂದು ನೊಂದುಕೊಂಡದ್ದೆಲ್ಲ ಎಳೆಯರ ಆಟವೆಂದು ತೋರಿತು. ಅಂದು ಅವನ ಬಾಲ್ಯ ಮುಗಿಯಿತು.

ಮನೆಯ ಹೆಣ್ಣುಮಕ್ಕಳ ಕೈಗೆ ಪುಸ್ತಕವನ್ನು ಕೊಡಲು ಅನುಮಾನಿಸುವವರ ಅಂಜಿಕೆಯು ಈ ಪುಟದಲ್ಲಿಯೇ ನೆಲೆಗೊಂಡಿದೆ. ಅದನ್ನು ಹಳೆಯ ಕಾಲದ ಬಿಗುಮಾನವೆಂದು ನಕ್ಕುಬಿಡುವುದು ತರವಲ್ಲ. ಪೆಟ್ಟಿಗೆ ಮುತ್ತಿಡುವುದೇ ಪ್ರೇಮದ ಪರಾಕಾಷ್ಠೆಯೆಂದು ಎಳೆಯ ಮನಸ್ಸೊಂದು ಬಗೆದರೆ ಅನರ್ಥವು ಪುಸ್ತಕದೊಳಗೆ ನಿಲ್ಲುವುದಿಲ್ಲ. ಹೊಡೆಯುವ ಗಂಡನನ್ನು ಸಹಿಸುವುದೇ ಸತೀಧರ್ಮವೆಂದು ಬೋಧಿಸುವ ಕಥೆಗಳಿಗೆ ಈ ನಾಡಿನಲ್ಲಿಯೂ ಬರವಿಲ್ಲ. ಹೊರಗಿನಿಂದ ಇನ್ನೊಂದನ್ನು ತರಿಸುವುದೇಕೆ? ಆದರೆ ಗ್ರಂಥಕರ್ತನು ಈ ಅಂಜಿಕೆಗೆ ಎಡೆಯಿಲ್ಲದಂತೆ ಬರೆದಿದ್ದಾನೆ, ಓದುವವರು ತ್ವರೆಪಡಬಾರದಷ್ಟೆ. ಆ ರಾತ್ರಿ ಹುಡುಗನು ಕಂಡ ಕನಸಿನಲ್ಲಿ ತಂದೆ ಚಾವಟಿ ಹಿಡಿದು ನಿಂತಿರುತ್ತಾನೆ. ಮೂಲೆಯಲ್ಲಿ ಮುದುರಿದ ಜಿನಾಯಿದಾಳ ಬರೆಯು ತೋಳಿನ ಮೇಲಲ್ಲ, ಹಣೆಯ ಮೇಲೆ ಮೂಡಿರುತ್ತದೆ. ಅವಳು ಹೂವಿನಿಂದ ಬಡಿಯುತ್ತಿದ್ದ ಸ್ಥಳವದು. ಆಳುತ್ತಿದ್ದವಳು ಆಳಾದಳೆಂಬ ಭೀತಿಯು ಅಲ್ಲಿ ಮೆಚ್ಚುಗೆಯನ್ನು ಮೀರಿ ನಿಂತಿದೆ. ಈ ಕಥೆಯನ್ನು ಬರೆದು ಓದಿಹೇಳುವ ವ್ಲಾದಿಮಿರನು ನಲವತ್ತರ ಪ್ರಾಯದಲ್ಲಿಯೂ ಮದುವೆಯಾಗದವನೆಂದು ಮೊದಲ ಪುಟದಲ್ಲಿಯೇ ಬಂದಿದೆ. ಹಾಗೆ ನೋಡಿದರೆ ತುರ್ಗೇನೆವನೂ ಮದುವೆಯಾಗಲಿಲ್ಲ.

ತಂದೆ ಮಗನ ಸಂಬಂಧಕ್ಕೆ ಬಂದರೆ ಯಯಾತಿಯ ಉಪಾಖ್ಯಾನವು ತಾನಾಗಿಯೇ ಎದುರು ನಿಲ್ಲುತ್ತದೆ. ಶುಕ್ರಾಚಾರ್ಯರ ಶಾಪದಿಂದ ಮುದುಕನಾದ ಅರಸನು ಮಕ್ಕಳ ಮುಂದೆ ಕೈಯೊಡ್ಡಿದನು. ಪೂರುವು ತನ್ನ ಯೌವನವನ್ನು ತಂದೆಗೆ ಕೊಟ್ಟನು. ಗಿರೀಶ ಕಾರ್ನಾಡರು 1961ರ ತಮ್ಮ ‘ಯಯಾತಿ’ ನಾಟಕದಲ್ಲಿ ಈ ದಾನದ ಬೆಲೆಯನ್ನು ತೆತ್ತವರು ಯಾರೆಂದು ಪೂರುವಿನ ಹೆಂಡತಿಯ ಮುಖದಿಂದ ಕೇಳಿಸಿದರು. ತುರ್ಗೇನೆವನ ತಂದೆಯು ಕೈಯೊಡ್ಡುವುದಿಲ್ಲ, ತೆಗೆದುಕೊಳ್ಳುತ್ತಾನೆ. ಸಿಕ್ಕಷ್ಟನ್ನು ತಾನೇ ಹಿಡಿದುಕೊ, ಇನ್ನೊಬ್ಬರ ಕೈಗೆ ಸಿಕ್ಕದಿರು ಎಂಬುದೇ ಅವನು ಮಗನಿಗೆ ಕೊಟ್ಟ ಉಪದೇಶ. ಆ ಉಪದೇಶವನ್ನು ಕೊಟ್ಟವನೇ ಕೊನೆಗೆ ಇನ್ನೊಬ್ಬರ ಕೈಗೆ ಸಿಕ್ಕಿಬಿದ್ದನೆಂಬುದು ಕಥೆಯ ವಿಪರ್ಯಾಸ. ಎಲ್ಲಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ ಮಗನು ತಂದೆಯನ್ನು ದ್ವೇಷಿಸುವುದಿಲ್ಲ. ಗುಟ್ಟು ತಿಳಿದ ಮೇಲೆ ತಂದೆಯು ಅವನ ಕಣ್ಣಿಗೆ ಮೊದಲಿಗಿಂತ ದೊಡ್ಡವನಾಗಿಯೇ ಕಾಣುತ್ತಾನೆ. ಇದು ಅಸಹಜವೆನ್ನುವವರಿಗೆ ಗ್ರಂಥಕರ್ತನ ಜೀವನವೇ ಉತ್ತರ ಹೇಳುತ್ತದೆ. ತುರ್ಗೇನೆವನ ತಂದೆ ಸೆರ್ಗೆಯಿಯು ರೂಪವಂತನಾದ ಸೇನಾಧಿಕಾರಿ; ತನಗಿಂತ ಹಿರಿಯಳಾದ, ಬಹು ದೊಡ್ಡ ಆಸ್ತಿಯ ಒಡತಿಯನ್ನು ಮದುವೆಯಾದವನು; 1834ರಲ್ಲಿ ತೀರಿಕೊಂಡನು. 1818ರಲ್ಲಿ ಹುಟ್ಟಿದ ಮಗನಿಗೆ ಕಥೆಯ ಬೇಸಗೆಯಲ್ಲಿ ಹದಿನಾಲ್ಕು. ತಂದೆಯ ಚಿತ್ರವನ್ನು ಬದುಕಿನಿಂದಲೇ ಎತ್ತಿಕೊಂಡೆನೆಂಬುದನ್ನು ಅವನು ಮುಚ್ಚಿಡಲಿಲ್ಲ.

ದೋಷಗಳಿಲ್ಲವೆಂದಲ್ಲ. ಐವರು ವಿಟರಲ್ಲಿ ಲೂಷಿನನೊಬ್ಬನನ್ನು ಬಿಟ್ಟರೆ ಉಳಿದವರು ನಾಟಕದ ವೇಷಗಳು. ಕವಿ ಮೈದಾನೊವನ ಲೇವಡಿಯಂತೂ ಬೇಗನೆ ಬೇಸರ ತರುತ್ತದೆ. ತಾಯಿಯ ಪಾತ್ರಕ್ಕೆ ಆಗಿರುವ ಅನ್ಯಾಯ ಇದಕ್ಕಿಂತ ದೊಡ್ಡದು. ಗಂಡನಿಗಿಂತ ಹತ್ತು ವರ್ಷ ಹಿರಿಯಳು, ಸಿಡುಕಿ, ಹೊಟ್ಟೆಕಿಚ್ಚಿನವಳು ಎಂದು ಮೊದಲಲ್ಲಿಯೇ ಹಣೆಪಟ್ಟಿ ಕಟ್ಟಿ ಅವಳನ್ನು ಬದಿಗೆ ಸರಿಸಲಾಗಿದೆ. ಆದರೂ ಕೊನೆಯಲ್ಲಿ ಒಂದು ಮಾತು ಲೇಖಕನ ಕೈಯಿಂದ ಜಾರಿದಂತೆ ಬಿದ್ದಿದೆ. ಕುಟುಂಬವು ಪೀಟರ್ಸ್‌ಬರ್ಗಿಗೆ ಹೋದ ಮೇಲೆ ಮಾಸ್ಕೋವಿನಿಂದ ಬಂದ ಕಾಗದವೊಂದನ್ನು ಓದಿ ತಂದೆಯು ತಳಮಳಗೊಂಡು, ಹೆಂಡತಿಯ ಬಳಿಗೆ ಹೋಗಿ ಏನನ್ನೋ ಬೇಡಿಕೊಂಡನು, ಕಣ್ಣೀರನ್ನೂ ಸುರಿಸಿದನಂತೆ. ಹೆಂಗಸಿನ ಪ್ರೇಮದ ಸುಖಕ್ಕೆ, ಅದರ ವಿಷಕ್ಕೆ ಅಂಜು ಎಂದು ಮಗನಿಗೆ ಬರೆಯತೊಡಗಿದ ಕಾಗದವನ್ನು ಮುಗಿಸದೆಯೇ ಅವನು ಆಘಾತದಿಂದ ತೀರಿಕೊಂಡನು. ಅನಂತರ ತಾಯಿಯು ಮಾಸ್ಕೋವಿಗೆ ದೊಡ್ಡ ಮೊತ್ತದ ಹಣವನ್ನು ಕಳುಹಿಸಿದಳು. ಇಷ್ಟೇ. ಯಾರಿಗೆ, ಏಕೆ ಎಂಬುದನ್ನು ಲೇಖಕನು ಹೇಳುವುದಿಲ್ಲ. ಗಂಡನು ಸತ್ತ ಮೇಲೆ, ಅವನು ಬೇಡಿದುದನ್ನು, ಅವನು ಯಾರಿಗಾಗಿ ಬೇಡಿದನೋ ಅವಳಿಗೆ ಸಲ್ಲಿಸಿದ ಈ ಸಿಡುಕಿನ ಹೆಂಗಸಿನ ಮನಸ್ಸಿನೊಳಗೆ ಏನಿತ್ತು? ಜಿನಾಯಿದಾಳ ಮುತ್ತಿಗಿಂತ ಈ ಹಣದ ಹುಂಡಿ ಕಡಮೆಯ ಪ್ರೇಮವೆಂದು ಹೇಳಲು ನಾಲಿಗೆ ಹಿಂಜರಿಯುತ್ತದೆ. ಕಾದಂಬರಿಯ ಅತ್ಯಂತ ವಯಸ್ಕವಾದ ಕಾರ್ಯವನ್ನು ಮಾಡಿದವಳು ಈಕೆಯೇ. ಅವಳಿಗೆ ಅರ್ಧ ಪುಟವೂ ದೊರೆಯಲಿಲ್ಲ.

ಕನ್ನಡಕ್ಕೆ ತರುವವರಿಗೆ ಒಂದು ಅನುಕೂಲವಿದೆ. ನೀನು, ನೀವು ಎಂಬ ಭೇದವು ರಷ್ಯನ್ ಭಾಷೆಯಲ್ಲಿಯೂ ಉಂಟು. ಇಂಗ್ಲಿಷಿನಲ್ಲಿ ಅಳಿಸಿಹೋಗುವ ಈ ಸೂಕ್ಷ್ಮವನ್ನು ಕನ್ನಡವು ಸುಲಭವಾಗಿ ಉಳಿಸಿಕೊಳ್ಳಬಲ್ಲುದು. ತೊಂದರೆಯಿರುವುದು ಫ್ರೆಂಚಿನಲ್ಲಿ. ಜಿನಾಯಿದಾ ಹುಡುಗನನ್ನು ‘ಮೊಸ್ಯೊ ವೊಲ್ದೆಮಾರ್’ ಎಂದು ಫ್ರೆಂಚಿನ ಧಾಟಿಯಲ್ಲಿ ಕರೆಯುತ್ತಾಳೆ. ದೊಡ್ಡವನಂತೆ ನಡೆಸಿಕೊಳ್ಳುವ ನೆಪದಲ್ಲಿ ಚಿಕ್ಕವನೆಂದು ಅಣಕಿಸುವ ಸಂಬೋಧನೆಯದು. ಅದನ್ನು ‘ಸ್ವಾಮಿ’ ಎಂದರೂ ಕೆಟ್ಟಿತು, ‘ರಾಯರೆ’ ಎಂದರೂ ಕೆಟ್ಟಿತು. ಇದ್ದಂತೆಯೇ ಬಿಡುವುದು ಕ್ಷೇಮ.

ನಾಲ್ಕು ವರ್ಷಗಳ ಮೇಲೆ, ಜಿನಾಯಿದಾ ಮದುವೆಯಾಗಿ ಪೀಟರ್ಸ್‌ಬರ್ಗಿನಲ್ಲಿ ಇಳಿದಿದ್ದಾಳೆಂದು ತಿಳಿದ ವ್ಲಾದಿಮಿರನು ನಾಳೆ ಹೋದರಾಯಿತೆಂದು ಎರಡು ವಾರ ಕಳೆಯುತ್ತಾನೆ. ಹೋದಾಗ, ನಾಲ್ಕು ದಿನಗಳ ಹಿಂದೆ ಪ್ರಸವದಲ್ಲಿ ಸತ್ತಳೆಂದು ಬಾಗಿಲ ಕಾವಲಿನವನು ಹೇಳುತ್ತಾನೆ. ಆಮೇಲೆ ತಾನಿದ್ದ ಮನೆಯಲ್ಲಿಯೇ ವಾಸವಾಗಿದ್ದ ಬಡ ಮುದುಕಿಯೊಬ್ಬಳ ಕಷ್ಟದ ಸಾವನ್ನು ಅವನು ಕಾಣುತ್ತಾನೆ. ಸುಖವನ್ನೇ ಕಾಣದ ಆ ಜೀವವು ಸಾವಿಗೆ ಅಷ್ಟು ಅಂಜುವುದನ್ನು ನೋಡಿ, ಜಿನಾಯಿದಾಳಿಗಾಗಿ, ತಂದೆಗಾಗಿ, ತನಗಾಗಿಯೂ ಪ್ರಾರ್ಥಿಸಬೇಕೆಂದು ಅವನಿಗೆ ಅನ್ನಿಸುತ್ತದೆ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಕಥೆಯನ್ನು ಕೇಳುತ್ತ ಕುಳಿತಿದ್ದ ಗೆಳೆಯರ ಬಳಿಗೂ ಲೇಖಕನು ಹಿಂದಿರುಗುವುದಿಲ್ಲ. ಅವರು ಏನೆಂದರೆಂಬುದು ಬೇಕಾಗಿಯೂ ಇಲ್ಲ.

ಆದರೆ ಫ್ರೆಂಚ್ ಭಾಷಾಂತರಕ್ಕೆಂದು ತುರ್ಗೇನೆವನು ಒಂದು ಬಾಲವನ್ನು ಬರೆದು ಅಂಟಿಸಿದ್ದನು. ಅದರಲ್ಲಿ ಗೆಳೆಯರು ಕಥೆ ಕೇಳಿ ಮುಗಿಸಿ ಅದರ ನೀತಿ ಅನೀತಿಗಳನ್ನು ಚರ್ಚಿಸುತ್ತಾರೆ. ಅಸಭ್ಯವೆಂಬ ಅಪವಾದಕ್ಕೆ ಅಂಜಿ ಸೇರಿಸಿದ ಈ ಭಾಗವು ಗ್ರಂಥವನ್ನು ಸಭ್ಯವಾಗಿ ಮಾಡಲಿಲ್ಲ, ಸಪ್ಪೆಯಾಗಿ ಮಾಡಿತು. ಹದಿನಾರು ತುಂಬಿದ ಮಗನಿಗಾಗಲಿ ಮಗಳಿಗಾಗಲಿ ಈ ಪುಸ್ತಕವನ್ನು ಧಾರಾಳವಾಗಿ ಕೊಡಬಹುದು. ಅದಕ್ಕೆ ಕಡಮೆ ವಯಸ್ಸಿನವರಿಗೆ ಇದು ರುಚಿಸಲಾರದು, ಹಾನಿಯನ್ನೂ ಮಾಡಲಾರದು. ಕೊಡುವವರು ಚಾವಟಿಯ ಪುಟವನ್ನು ಮಕ್ಕಳೊಡನೆ ಒಮ್ಮೆ ಮಾತನಾಡಿ, ತಾವು ಕೊಳ್ಳುವ ಪ್ರತಿಯಲ್ಲಿ ಆ ಬಾಲವಿದ್ದರೆ ಅದನ್ನು ಓದದೆ ಬಿಡುವಂತೆ ಹೇಳಿದರೆ ಸಾಕು.